ನೆಲ ಡೊಂಕೆಂದವಳ ಪರವಾಗಿ

ಕುಣಿತವನ್ನು ಕುರಿತ ನಮ್ಮ ಗಾದೆಗಳಲ್ಲಿ ಎಲ್ಲರ ನಾಲಗೆಯ ಮೇಲೂ ನಿಂತಿರುವುದು ಒಂದೇ: ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಉಪಾಧ್ಯಾಯ ವೃತ್ತಿಯ ಮೂವತ್ತು ವರ್ಷಗಳಲ್ಲಿ ಈ ಮಾತನ್ನು ನಾನು ಎಷ್ಟು ಸಲ ಆಡಿರುವೆನೋ ಲೆಕ್ಕವಿಲ್ಲ. ಲೆಕ್ಕ ತಪ್ಪಿದ ಹುಡುಗ ಸೀಮೆಸುಣ್ಣವನ್ನು ದೂರಿದಾಗ ಆಡಿದ್ದೇನೆ. ಪ್ರಬಂಧ ಬರೆಯದ ಹುಡುಗಿ ದೀಪವಿರಲಿಲ್ಲವೆಂದಾಗ ಆಡಿದ್ದೇನೆ. ಗಾದೆಯೆಂಬುದು ಉಪಾಧ್ಯಾಯರಿಗೆ ಬೆತ್ತಕ್ಕಿಂತ ಅನುಕೂಲವಾದ ವಸ್ತು. ಅದರ ಏಟಿಗೆ ಬಾಸುಂಡೆ ಏಳುವುದಿಲ್ಲ, ತರಗತಿಗೆ ನಗುವೂ ದೊರೆಯುತ್ತದೆ.

ಆದರೆ ಆ ಗಾದೆಯಲ್ಲಿ ಇರುವವರು ಎಷ್ಟು ಮಂದಿ ಎಂದು ನಾನು ಯೋಚಿಸಿದುದು ಈಚೆಗೆ. ಕುಣಿಯಲಾರದವಳು ಒಬ್ಬಳು, ಅವಳ ಕಾಲ ಕೆಳಗಿನ ನೆಲ, ಇವರಲ್ಲದೆ, ಕಾಣದೆ ಬದಿಯಲ್ಲಿ ನಿಂತು ನಗುವ ಮೂರನೆಯವನೊಬ್ಬನಿದ್ದಾನೆ. ಗಾದೆಯನ್ನು ಕಟ್ಟಿದವನು ಅವನೇ. ಅವನು ಒಮ್ಮೆಯಾದರೂ ಬಗ್ಗಿ ನೆಲವನ್ನು ನೋಡಿದನೆ? ಗಾದೆ ಅದನ್ನು ಹೇಳುವುದಿಲ್ಲ.

ಈ ಯೋಚನೆ ಮೊದಲಾದುದು ನನ್ನ ತಂಗಿಯ ಮಗಳ ಒಂದು ಮಾತಿನಿಂದ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಆಕೆ ಎರಡು ದಿನಗಳ ನೃತ್ಯ ಶಿಬಿರವೊಂದಕ್ಕೆ ಹೋಗಿ ಬಂದಿದ್ದಳು. ಭರತನಾಟ್ಯವಲ್ಲ, ಈಜಿಪ್ಟಿನ ನೃತ್ಯ. ಇಂಗ್ಲಿಷಿನವರು ಬೆಲ್ಲಿ ಡ್ಯಾನ್ಸ್ ಎಂದು ಕರೆಯುವುದು. ನಾನು ಫೋನಿನಲ್ಲಿಯೇ ಮುಖ ಸಿಂಡರಿಸಿದೆ. ಅದು ಅವಳಿಗೆ ಕಂಡಿತೆಂದು ತೋರುತ್ತದೆ. “ದೊಡ್ಡಮ್ಮ, ನೀವು ಏನು ಬೇಕಾದರೂ ಅಂದುಕೊಳ್ಳಿ. ನನಗೆ ಒಂದು ಹೆಜ್ಜೆಯೂ ಬರುತ್ತಿರಲಿಲ್ಲ, ಅಲ್ಲಿ ಯಾರೂ ನಗಲಿಲ್ಲ” ಎಂದಳು. ಏನು ಕಲಿತೆನೆಂಬುದನ್ನು ಆಕೆ ಹೇಳಲಿಲ್ಲ. ಯಾರೂ ನಗಲಿಲ್ಲವೆಂಬುದೇ ಅವಳಿಗೆ ಹೇಳಬೇಕೆನಿಸಿದ ಸುದ್ದಿಯಾಗಿತ್ತು. ಶಾಲೆ, ಕಾಲೇಜು, ಕಚೇರಿಗಳಲ್ಲಿ ಇಪ್ಪತ್ತು ವರ್ಷ ಕಲಿತ ಹೆಣ್ಣುಮಗಳಿಗೆ ಇದು ಹೊಸ ಅನುಭವವಾದುದು ಹೇಗೆ?

ನನ್ನ ಮುಖ ಸಿಂಡರಿಸಿದುದಕ್ಕೂ ಒಂದು ಚರಿತ್ರೆಯಿದೆ. ಈಜಿಪ್ಟಿನವರು ಆ ನೃತ್ಯವನ್ನು ಹೊಟ್ಟೆಯ ಹೆಸರಿನಿಂದ ಕರೆಯುವುದಿಲ್ಲ. ರಕ್ಸ್ ಷರ್ಕಿ, ಅಂದರೆ ಪೂರ್ವದೇಶದ ನೃತ್ಯ, ಎನ್ನುತ್ತಾರೆ. ಅದರ ಮನೆಯ ರೂಪಕ್ಕೆ ಬಲದಿ ಎಂದು ಹೆಸರು; ನಮ್ಮ ಊರಿನದು ಎಂಬ ಅರ್ಥ. ಮದುವೆಮನೆಯಲ್ಲಿ ಅಜ್ಜಿ ಮೊಮ್ಮಕ್ಕಳು ಕೂಡಿ ಆಡುವ ಕುಣಿತವದು. ಹೊಟ್ಟೆಯ ಹೆಸರನ್ನು ಇಟ್ಟವರು ನೋಡಲು ಬಂದ ಫ್ರೆಂಚರು. ನೋಡುವವನ ಕಣ್ಣು ಎಲ್ಲಿ ನಿಂತಿತೋ ಅದೇ ಹೆಸರಾಯಿತು. 1834ರಲ್ಲಿ ಮುಹಮ್ಮದ್ ಅಲಿಯ ಸರ್ಕಾರ ಬೀದಿಯಲ್ಲಿ ಕುಣಿಯುತ್ತಿದ್ದ ಹೆಂಗಸರನ್ನು ಕೈರೋ ನಗರದಿಂದ ಹೊರಗಟ್ಟಿ ದಕ್ಷಿಣದ ಊರುಗಳಿಗೆ ಕಳಿಸಿತು. ನಮ್ಮಲ್ಲಿಯೂ ಹೋಲುವ ಕಥೆಯೊಂದು ನಡೆದಿದೆ. ಮೈಸೂರು ಸಂಸ್ಥಾನ 1909ರಲ್ಲಿ ಮುಜರಾಯಿ ದೇವಸ್ಥಾನಗಳ ದೇವದಾಸಿ ಸೇವೆಯನ್ನು ನಿಲ್ಲಿಸಿತು. ಮದರಾಸಿನ ಶಾಸನ 1947ರಲ್ಲಿ ಬಂದಿತು. ಎಳೆಯ ಹೆಣ್ಣುಮಕ್ಕಳನ್ನು ಒಪ್ಪಿಸುವ ಪದ್ಧತಿ ನಿಲ್ಲಬೇಕಾಗಿತ್ತು, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ನಾಚಿಕೆಯ ಭಾರ ಮಾತ್ರ ಕುಣಿದವಳ ಮೇಲೆ ಉಳಿಯಿತು, ಕುಣಿಸಿದವನ ಮೇಲೆ ಬೀಳಲಿಲ್ಲ. ಅವಳ ನೃತ್ಯವನ್ನೇ 1935ರಲ್ಲಿ ರುಕ್ಮಿಣೀದೇವಿಯವರು ಅಡಯಾರಿನಲ್ಲಿ ಆಡಿ ತೋರಿಸಿದಾಗ ಆಕೆಗೆ 31 ವರ್ಷ. ಸದಿರು ಕಲಿಯತೊಡಗಿದ್ದು ಅದಕ್ಕೆ ಸ್ವಲ್ಪ ಮುಂಚೆ, ಮೈಲಾಪುರದ ಗೌರಿ ಅಮ್ಮಾಳ್ ಮತ್ತು ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ. ಏಳನೆಯ ವಯಸ್ಸಿನಲ್ಲಿ ಗೆಜ್ಜೆ ಕಟ್ಟುವ ಕಲೆಯಲ್ಲಿ ಮೂವತ್ತರ ಹತ್ತಿರ ಮೊದಲ ಹೆಜ್ಜೆ ಇಡುವುದು ಸಾಮಾನ್ಯ ಧೈರ್ಯವಲ್ಲ. ಬೆನ್ನಿಗೆ ಹೆಸರಿದ್ದವರಿಗೆ ಆ ಧೈರ್ಯ ಸ್ವಲ್ಪ ಸುಲಭವಾಗಿ ಬರುತ್ತದೆಂಬುದೂ ನಿಜ.

ಇಷ್ಟನ್ನು ಪುಸ್ತಕದಿಂದ ತಿಳಿದುಕೊಂಡು ಸುಮ್ಮನಿರಬಹುದಾಗಿತ್ತು. ನನ್ನನ್ನು ಸುಮ್ಮನಿರಗೊಡಿಸದೆ ಹೋದುದು ನಮ್ಮ ಗಣಪತಿಯ ಒಂದು ಬಯಲು.

ಕೋಯಮತ್ತೂರನ್ನು ಬಲ್ಲ ಓದುಗರಿಗೆ ಗಣಪತಿಯ ಪರಿಚಯ ಬೇಕಾಗಿಲ್ಲ. ಗಾಂಧಿಪುರವನ್ನು ದಾಟಿ ಸತ್ಯಮಂಗಲದ ರಸ್ತೆಯಲ್ಲಿ ಹೊರಟರೆ ಸಿಗುವ ಬಡಾವಣೆ. ಎರಕದ ಮನೆ, ಲೇತು, ಪಂಪಿನ ಬಿಡಿಭಾಗಗಳ ಸದ್ದಿನಲ್ಲಿ ಬದುಕುವ ಊರು. ಈ ರಸ್ತೆಯನ್ನು ಬಿಡದೆ ಹಿಡಿದರೆ ಅನ್ನೂರು, ಪುಳಿಯಂಪಟ್ಟಿ, ಸತ್ಯಮಂಗಲ, ಬಣ್ಣಾರಿ. ಆಮೇಲೆ ದಿಂಬದ ಘಾಟಿಯ 27 ತಿರುವುಗಳು. ಅವನ್ನು ಹತ್ತಿದರೆ ಕನ್ನಡದ ಬೋರ್ಡುಗಳು ಕಾಣತೊಡಗುತ್ತವೆ. ಒಂದು ದಾರಿ ತಾಳವಾಡಿಗೆ, ಒಂದು ಚಾಮರಾಜನಗರಕ್ಕೆ. 1956ರವರೆಗೆ ಕೊಳ್ಳೇಗಾಲವೂ ಕೋಯಮತ್ತೂರು ಜಿಲ್ಲೆಯಲ್ಲಿಯೇ ಇತ್ತೆಂಬುದನ್ನು ನಮ್ಮ ಮಕ್ಕಳು ಈಗ ನಂಬುವುದಿಲ್ಲ. ನಾನು ಆ ಘಟ್ಟದ ಮೇಲೆ ಕನ್ನಡ ಪಾಠ ಹೇಳಿ, ನಿವೃತ್ತಿಯ ಅನಂತರ ಮಗನ ಮನೆಯೆಂದು ಘಟ್ಟದ ಕೆಳಗೆ ಬಂದವಳು.

ಮನೆಯ ಹಿಂದಿನ ಬಯಲಿನಲ್ಲಿ ಒಂದು ಸಂಜೆ ಧ್ವನಿವರ್ಧಕದ ಹಾಡು ಕೇಳಿಸಿತು. ಹೋಗಿ ನೋಡಿದರೆ ನಾಲ್ವತ್ತು ಐವತ್ತು ಮಂದಿ ಹೆಂಗಸರು, ಮಕ್ಕಳು ಸಾಲಾಗಿ ನಿಂತು ಚಪ್ಪಾಳೆ ತಟ್ಟುತ್ತ ಮುಂದೆ ಹೋಗಿ ಹಿಂದೆ ಬರುತ್ತಿದ್ದರು. ಅದು ವಳ್ಳಿ ಕುಮ್ಮಿ. ಕೊಂಗುನಾಡಿನ ಊರೂರುಗಳಲ್ಲಿ ಈಗ ಇದಕ್ಕೆ ಹೊಸ ಜೀವ ಬಂದಿದೆ. ಮುರುಗನು ವಳ್ಳಿಯನ್ನು ವರಿಸಿದ ಕಥೆಯನ್ನು ವಾತ್ಯಾರರು ಹಾಡುತ್ತಾರೆ, ಸಾಲು ಕುಣಿಯುತ್ತದೆ. ಕೆಲವು ವಾರಗಳ ಅಭ್ಯಾಸವಾದ ಮೇಲೆ ಗುಡಿಯ ಮುಂದೆ ಅರಂಗೇಟ್ರಂ. ಈ ಕಲೆಗಾಗಿ 2024ರಲ್ಲಿ ಕೋಯಮತ್ತೂರಿನ ಎಂ. ಬದ್ರಪ್ಪನ್ ಅವರಿಗೆ ಪದ್ಮಶ್ರೀ ಬಂದಿತು. ಗಂಡಸರದೇ ಎನ್ನಿಸಿದ್ದ ವಳ್ಳಿ ಒಯಿಲ್ ಕುಮ್ಮಿಯನ್ನು ಅವರು ಹೆಂಗಸರಿಗೂ ಕಲಿಸಿದರು. ವಾತ್ಯಾರ್ ಎಂಬುದು ನಮ್ಮ ಉಪಾಧ್ಯಾಯ ಶಬ್ದದ ತಮಿಳು ರೂಪ. ಆ ಸಂಜೆ ನನ್ನ ಜಾತಿಯವನೇ ಒಬ್ಬ ಮೈಕು ಹಿಡಿದು ನಿಂತಿದ್ದನೆನ್ನಬೇಕು.

ಬದಿಯಲ್ಲಿ ನಿಂತು ನೋಡುತ್ತಿದ್ದ ನನ್ನನ್ನು ಒಬ್ಬಾಕೆ ಕೈಹಿಡಿದು ಎಳೆದಳು. “ವಾಂಗಕ್ಕಾ, ಸುಮ್ಮಾ ವಾಂಗ.” ಐವತ್ತೊಂಬತ್ತರ ಮಂಡಿ, ಸೊಂಟ ಎಲ್ಲವನ್ನೂ ನೆಪವಾಗಿ ಒಡ್ಡಿದೆ. ನೆಲವನ್ನೂ ದೂರಿದೆ, ಅಲ್ಲಿ ಕಲ್ಲುಹರಳು ನಿಜವಾಗಿಯೂ ಇತ್ತು. ಆಕೆ ಗಾದೆ ಹೇಳಲಿಲ್ಲ. ಚಪ್ಪಲಿಯ ತುದಿಯಿಂದ ಹರಳನ್ನು ಅತ್ತ ಸರಿಸಿ ಜಾಗ ಮಾಡಿದಳು.

ಮೂರು ಹೆಜ್ಜೆ ಮುಂದೆ, ಒಂದು ಹಿಂದೆ, ಬಾಗಿ ಒಂದು ಚಪ್ಪಾಳೆ, ಎದ್ದು ಒಂದು, ಆಮೇಲೆ ತಿರುವು. ಬರೆದರೆ ಒಂದು ಸಾಲು. ಕಾಲಿಗೆ ಅದು ಬರುವುದಕ್ಕೆ ನನಗೆ ಹನ್ನೊಂದು ಸಂಜೆ ಹಿಡಿಯಿತು. ಎಲ್ಲರೂ ಬಲಕ್ಕೆ ತಿರುಗಿದಾಗ ನಾನೊಬ್ಬಳು ಎಡಕ್ಕೆ ತಿರುಗಿ ಇಡೀ ಸಾಲಿಗೆ ಮುಖಾಮುಖಿಯಾಗಿ ನಿಲ್ಲುತ್ತಿದ್ದೆ. ತರಗತಿಯನ್ನು ಎದುರಿಸಿ ನಿಲ್ಲುವ ಹಳೆಯ ಅಭ್ಯಾಸವಿರಬಹುದೆಂದು ಸಮಾಧಾನ ಹೇಳಿಕೊಂಡೆ.

ಅಲ್ಲಿ ನನಗೆ ಎರಡು ಬಗೆಯ ಸ್ವಾಗತ ದೊರೆಯಿತು. ಇವೆರಡರ ಭೇದವೇ ಈ ಬರಹದ ವಿಷಯವೆಂದರೂ ಸಲ್ಲುತ್ತದೆ. ಹಲವರು ನನ್ನ ತಪ್ಪನ್ನು ಕಂಡೂ ಕಾಣದವರಂತೆ, “ಸೂಪರ್ ಅಕ್ಕಾ” ಎಂದರು. ಅವರ ಒಳ್ಳೆಯತನದಲ್ಲಿ ಸಂಶಯವಿಲ್ಲ. ಆದರೆ ಎರಡು ದಿನ ಅದನ್ನು ಕೇಳುವ ಹೊತ್ತಿಗೆ ನನಗೆ ಒಂದು ಬಗೆಯ ಒಂಟಿತನ ಬಂದಿತು. ನಾನು ಕಲಿಯಬಲ್ಲೆನೆಂದು ಇವರು ಎಣಿಸಿಲ್ಲವೆಂಬುದು ಆ ಹೊಗಳಿಕೆಯೊಳಗೇ ಇತ್ತು. ಮೂರನೆಯ ದಿನ ಪಕ್ಕದ ಸಾಲಿನ ಹತ್ತು ವರ್ಷದ ಹುಡುಗಿಯೊಬ್ಬಳು ಹಾಡಿನ ನಡುವೆಯೇ ನನ್ನ ಮೊಣಕೈ ತಟ್ಟಿ, “ಪಾಟಿ, ಇಡದು ಕಾಲು, ಇಡದು!” ಎಂದಳು. ಎಡಗಾಲು, ಅಜ್ಜಿ, ಎಡಗಾಲು. ಅವಳ ದನಿಯಲ್ಲಿ ಗೌರವವೂ ಇರಲಿಲ್ಲ, ತಾತ್ಸಾರವೂ ಇರಲಿಲ್ಲ. ಸಾಲು ಕೆಡುತ್ತಿದೆ, ಸರಿಪಡಿಸಬೇಕು, ಅಷ್ಟೆ. ಆ ಕ್ಷಣದಲ್ಲಿ ನಾನು ಅತಿಥಿಯಾಗಿದ್ದವಳು ಸಾಲಿಗೆ ಸೇರಿದೆ. ನಗದಿರುವುದು ಸ್ವಾಗತದ ಅರ್ಧ ಮಾತ್ರ. ಉಳಿದರ್ಧ, ನಿನ್ನ ತಪ್ಪು ನನ್ನ ಸಾಲಿನ ತಪ್ಪು ಎಂದು ಎಣಿಸುವುದು. ಹಾಗಾದರೆ ನಾವು ಶಾಲೆಯಲ್ಲಿ ತಪ್ಪನ್ನು ತಿದ್ದುವುದು ಸ್ವಾಗತವೇ ಅಲ್ಲವೆ? ಅಲ್ಲವೆಂದೇ ನನಗೆ ತೋರುತ್ತದೆ, ಏಕೆಂದರೆ ನಾವು ತಿದ್ದುವಾಗ ಸಾಲಿನಲ್ಲಿ ನಿಂತಿರುವುದಿಲ್ಲ. ವಿದ್ಯಾರ್ಥಿಯ ಕಾಲು ತಪ್ಪಿದರೆ ನಮ್ಮ ಕಾಲು ತಪ್ಪುವುದಿಲ್ಲ.

ಭರತಮುನಿ ವ್ರೀಡೆಯನ್ನು, ಎಂದರೆ ನಾಚಿಕೆಯನ್ನು, ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಒಂದಾಗಿ ಎಣಿಸಿದ್ದಾನೆ. ರತಿ, ಶೋಕ, ಭಯಗಳು ಸ್ಥಾಯಿಯಾದವು. ನಾಚಿಕೆ ಮಾತ್ರ ಬಂದು ಹೋಗುವ ಭಾವ. ಅಲಂಕಾರಶಾಸ್ತ್ರದ ಪಾಠದಲ್ಲಿ ಈ ಪಟ್ಟಿಯನ್ನು ಬಾಯಿಪಾಠ ಮಾಡಿಸಿದವಳು ನಾನು. ಆದರೆ ಬದುಕಿನಲ್ಲಿ ನಾಚಿಕೆ ಸ್ಥಾಯಿಯಾಗಿ ನಿಂತುಬಿಟ್ಟವರನ್ನು ಎಷ್ಟೋ ಕಂಡಿದ್ದೇನೆ. ಬಂದುದು ಹೋಗಬೇಕಾದರೆ ಬಾಗಿಲು ತೆರೆದಿರಬೇಕಷ್ಟೆ. ಸುತ್ತ ನಿಂತವರ ನಗು ಆ ಬಾಗಿಲಿಗೆ ಹಾಕುವ ಅಗುಳಿ. ವಿದ್ಯಾರ್ಥಿಯೊಬ್ಬ ನಾಚುವನೆಂದರೆ ನಾವು ಅವನಿಗೆ ಧೈರ್ಯದ ಉಪದೇಶ ಮಾಡುತ್ತೇವೆ. ಕೇಳಬೇಕಾದುದು, ಈ ಕೋಣೆಯಲ್ಲಿ ನಗುತ್ತಿರುವವರು ಯಾರು ಎಂಬುದನ್ನು.

ಸಾಕ್ರಟೀಸನ ವಿಷಯವಾಗಿ ಎರಡು ಕಥೆಗಳುಂಟು. ಝೆನೊಫನನು ಬರೆದ ಔತಣಕೂಟದ ಸಂವಾದದಲ್ಲಿ, ನೃತ್ಯವನ್ನು ನೋಡಿದ ಸಾಕ್ರಟೀಸನು ತನಗೂ ಆ ಭಂಗಿಗಳನ್ನು ಕಲಿಸಬೇಕೆಂದು ಕೇಳುತ್ತಾನೆ. ಏಕೆಂದರೆ, ಕುಣಿಯುವುದಕ್ಕೆ! ಎಲ್ಲರೂ ನಗುತ್ತಾರೆ. ಅವನು ಗಂಭೀರವಾಗಿಯೇ ಕಾರಣಗಳನ್ನು ಕೊಡುತ್ತಾನೆ; ಅವುಗಳಲ್ಲಿ ಒಂದು, ತನ್ನ ಹೊಟ್ಟೆ ಅಳತೆ ಮೀರಿದೆ, ಇಳಿಸಬೇಕು ಎಂಬುದು. ಹೊಟ್ಟೆಗೂ ನೃತ್ಯಕ್ಕೂ ಸಂಬಂಧ ಹಳೆಯದೇ ಎಂದಾಯಿತು. ಇನ್ನೊಬ್ಬನು, ಮುಂಜಾನೆ ಇವನು ಮನೆಯಲ್ಲಿ ಒಬ್ಬನೇ ಕುಣಿಯುತ್ತಿದ್ದುದನ್ನು ತಾನು ಕಂಡಿರುವುದಾಗಿ ಸಾಕ್ಷಿ ನುಡಿಯುತ್ತಾನೆ. ಪ್ಲೇಟೋ ಹೇಳುವ ಇನ್ನೊಂದು ಕಥೆ ಇದಕ್ಕಿಂತ ಹೆಚ್ಚು ಕಷ್ಟದ್ದು. ಮುದಿತನದಲ್ಲಿ ಸಾಕ್ರಟೀಸನು ಕೊನ್ನಸನೆಂಬುವನ ಬಳಿ ವೀಣೆಯಂಥ ವಾದ್ಯವನ್ನು ಕಲಿಯಲು ಹುಡುಗರ ನಡುವೆ ಕುಳಿತುಕೊಳ್ಳುತ್ತಿದ್ದನು. ಹುಡುಗರು ಅವನನ್ನು ನೋಡಿ ನಗುತ್ತಿದ್ದರು. ಗುರುವಿಗೂ ಮುದುಕರ ಮೇಷ್ಟ್ರು ಎಂಬ ಅಡ್ಡಹೆಸರು ಬಿದ್ದಿತು. ಆಗ ಅವನು ಮಾಡಿದುದೇನು? ಕಲಿಯುವುದನ್ನು ಬಿಡಲಿಲ್ಲ, ಇನ್ನೂ ಕೆಲವರು ವೃದ್ಧರನ್ನು ಒಪ್ಪಿಸಿ ಜೊತೆಗೆ ಕರೆದುಕೊಂಡು ಬಂದನು. ಮನೆಯಲ್ಲಿ ಒಬ್ಬನೇ ಕುಣಿದವನು ನಾಚಿಕೆಯಿಂದ ತಪ್ಪಿಸಿಕೊಂಡ. ವೃದ್ಧರನ್ನು ಕರೆತಂದವನು ಕೋಣೆಯನ್ನೇ ಬದಲಾಯಿಸಿದ. ಇಲ್ಲಿ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತದೆ: ಸಾಕ್ರಟೀಸನಿಗೆ ಆಗಲೇ ಸಾಕ್ರಟೀಸನೆಂಬ ಹೆಸರಿತ್ತು. ನಕ್ಕರೆ ಅವನಿಗೆ ಕಳೆಯುವುದೇನು?

ಕಳೆದುಕೊಳ್ಳುವುದಕ್ಕೆ ಇರುವ ಒಬ್ಬನ ಕಥೆ ನನ್ನಲ್ಲಿದೆ. ಹೇಳದೆ ಈ ಗಾದೆಯ ವಿಚಾರ ಮುಗಿಯುವುದಿಲ್ಲ.

ಘಟ್ಟದ ಮೇಲಿನ ಶಾಲೆಯಲ್ಲಿ ಐದನೆಯ ತರಗತಿಗೆ ಒಬ್ಬ ಸೋಲಿಗರ ಹುಡುಗ ಸೇರಿದ್ದನು. ಅವನ ಮನೆಯ ಮಾತು ಕನ್ನಡಕ್ಕೆ ಹತ್ತಿರದ್ದು, ಆದರೆ ಪುಸ್ತಕದ ಕನ್ನಡವಲ್ಲ. ಅವನು ಓದಿದಾಗ ಪದಗಳ ಕೊನೆ ಬೇರೆಯಾಗಿ ಕೇಳಿಸುತ್ತಿತ್ತು, ತರಗತಿ ನಗುತ್ತಿತ್ತು, ನಾನು ತಡೆಯುತ್ತಿರಲಿಲ್ಲ. ಒಂದು ದಿನ ಓದಲು ಎಬ್ಬಿಸಿದಾಗ ಅವನು, “ಅಕ್ಷರ ಕಾಣಲ್ಲ ಟೀಚರ್” ಎಂದನು. ನಾನು ಗಾದೆಯನ್ನು ಹೇಳಿದೆ. ಎಲ್ಲರೂ ನಕ್ಕರು. ಅವನೂ ಸ್ವಲ್ಪ ನಕ್ಕನು. ಅದು ನನಗೆ ಚೆನ್ನಾಗಿ ನೆನಪಿದೆ. ಆಮೇಲೆ ಅವನು ತರಗತಿಯಲ್ಲಿ ಬಾಯಿ ತೆರೆಯಲಿಲ್ಲ. ದೀಪಾವಳಿಯ ರಜೆ ಕಳೆದು ಶಾಲೆ ತೆರೆದಾಗ ಬರಲೂ ಇಲ್ಲ. ವರ್ಷದ ಕೊನೆಯಲ್ಲಿ, ಹಿಂದಿರುಗಿ ಬಂದ ಪುಸ್ತಕಗಳನ್ನು ಜೋಡಿಸುವಾಗ ಅವನ ಪುಸ್ತಕ ಕೈಗೆ ಸಿಕ್ಕಿತು. ಯಾರೋ ಹಿಂದಿನ ವರ್ಷ ಬಳಸಿದ ಪ್ರತಿ. ಮಳೆಯಲ್ಲಿ ನೆನೆದು ಹದಿನಾರು ಪುಟಗಳಷ್ಟು ಮಸಿ ಹರಡಿ ಹೋಗಿತ್ತು. ನಾನು ಕನ್ನಡಕ ಹಾಕಿಕೊಂಡು ನೋಡಿದೆ, ಅಕ್ಷರ ಕಾಣಲಿಲ್ಲ.

ಅವನು ಬಾರದುದಕ್ಕೆ ಅದೊಂದೇ ಕಾರಣವೆಂದು ನಾನು ಹೇಳಲಾರೆ. ಕಾಡಿನಂಚಿನ ಮನೆಗೆ ಬೇರೆ ಕಾರಣಗಳು ನೂರಿರುತ್ತವೆ. ಆದರೆ ಆ ನೂರರಲ್ಲಿ ಒಂದು ನನ್ನದು. ಬಯಲಿನಲ್ಲಿ ಎಡಕ್ಕೆ ತಿರುಗಿ ನಿಂತ ಮೊದಲ ಸಂಜೆ, ಐವತ್ತು ಮುಖಗಳು ನನ್ನ ಕಡೆಗಿದ್ದಾಗ, ನನಗೆ ನೆನಪಾದುದು ಅವನ ಆ ಸ್ವಲ್ಪ ನಗು.

ಇನ್ನು ನೆಲದ ಮಾತು. ವಳ್ಳಿಯ ಕಥೆಯನ್ನು ಓದುಗರು ಬಲ್ಲರು. ಬಳ್ಳಿಗೆಣಸಿನ ಗುಂಡಿಯಲ್ಲಿ ಸಿಕ್ಕಿದ ಮಗುವನ್ನು ಬೇಡರ ಒಡೆಯ ಸಾಕಿಕೊಂಡನು. ನವಣೆಯ ಹೊಲ ಕಾಯುತ್ತಿದ್ದ ಅವಳ ಬಳಿಗೆ ಮುರುಗನು ಬೇಡನಾಗಿ ಬಂದನು. ಆಮೇಲೆ ನಡುಗುವ ಮುದುಕನಾಗಿ ಬಂದು ಜೇನು ನವಣೆ ಹಿಟ್ಟು ಕೇಳಿದನು. ಮುದುಕನ ಪ್ರೇಮಕ್ಕೆ ಅವಳು ಗದರಿಸಿದಾಗ ಅಣ್ಣನಾದ ಗಣಪತಿಯನ್ನು ನೆನೆದನು. ಗಣಪತಿ ಆನೆಯಾಗಿ ಬಂದು ಅವಳನ್ನು ಹೆದರಿಸಿ ಮುದುಕನ ತೋಳಿಗೆ ಓಡಿಸಿದನು. ನಮ್ಮ ಬಡಾವಣೆಯ ಹೆಸರಿನ ದೇವರಿಗೆ ಈ ಕಥೆಯಲ್ಲಿ ಇಷ್ಟು ಪಾತ್ರವಿರುವುದು ನನಗೆ ಪ್ರಿಯವಾಗಿದೆ. ಘಟ್ಟದ ಆಚೆಗೂ ಇದರ ಸೋದರ ಕಥೆಯೊಂದಿದೆ: ಬಿಳಿಗಿರಿರಂಗನು ಸೋಲಿಗರ ಕುಸುಮಾಲೆಯನ್ನು ಮದುವೆಯಾದನು, ಆದುದರಿಂದ ಸೋಲಿಗರು ರಂಗಯ್ಯನನ್ನು ಭಾವನೆನ್ನುತ್ತಾರೆ. ದೇವರು ತನ್ನ ಕುಲವನ್ನು ಬಿಟ್ಟು ಬೇರೆ ಕುಲದ ಬಾಗಿಲಿಗೆ, ಹೊಸಬನಾಗಿ, ನಗೆಗೀಡಾಗಿ ಬಂದ ಕಥೆಗಳಿವು.

ಆ ಕಥೆಯನ್ನು ಹಾಡುವ ಕುಮ್ಮಿಯ ಮೇಳವೊಂದರಲ್ಲಿ, ಹೆಣ್ಣುಮಕ್ಕಳಿಂದ ತಮ್ಮ ಜಾತಿಯೊಳಗೇ ಮದುವೆಯಾಗುವುದಾಗಿ ಪ್ರತಿಜ್ಞೆ ಮಾಡಿಸಿದರೆಂಬ ಸುದ್ದಿ 2024ರಲ್ಲಿ ನಾಡೆಲ್ಲ ಹರಡಿ ಚರ್ಚೆಯಾಯಿತು. ವಳ್ಳಿ ಆ ಪ್ರತಿಜ್ಞೆಯನ್ನು ಮಾಡಿದ್ದರೆ ಹಾಡೇ ಇರುತ್ತಿರಲಿಲ್ಲ. ನಮ್ಮ ಬಯಲಿನಲ್ಲಿ ಅಂಥದೇನೂ ನಡೆಯಲಿಲ್ಲ. ನಮ್ಮ ವಾತ್ಯಾರರು ಯಾರ ಊರು, ಕುಲ, ಮನೆಮಾತುಗಳನ್ನೂ ಕೇಳಿದವರಲ್ಲ. ಆದರೂ ಒಂದು ಸಂಜೆ ಪಕ್ಕದಲ್ಲಿದ್ದಾಕೆ ಪ್ರೀತಿಯಿಂದಲೇ, ಕನ್ನಡದವರಲ್ಲಿ ನೀವು ಯಾವ ಜನ ಎಂದು ವಿಚಾರಿಸಿದಳು. ನಾನು ಹೇಳಿದೆ. ಹೇಳಿದ ಮೇಲೆ ಅವಳು ಸಮಾಧಾನದಿಂದ ತಲೆಯಾಡಿಸಿದಳು. ಆ ಸಮಾಧಾನವನ್ನು ನಾನು ಸ್ವೀಕರಿಸಿದೆ. ಏಕೆ ಕೇಳಿದಿರೆಂದು ಕೇಳಲಿಲ್ಲ. ಉತ್ತರ ಬೇರೆಯಾಗಿದ್ದರೆ ಹರಳು ಸರಿಸುವ ಕೈ ಅಷ್ಟೇ ಬೇಗ ಬರುತ್ತಿತ್ತೆ?

ಬಯಲಿನ ಪಡುವಣ ಅಂಚಿಗೆ ಒಂದು ಮೋಟುಗೋಡೆಯಿದೆ. ಅದರ ಆಚೆ ನಗರಸಭೆಯ ಪೌರಕಾರ್ಮಿಕರ ಮನೆಗಳು. ಸಂಜೆ ಅಲ್ಲಿಯ ಹೆಂಗಸರು ಗೋಡೆಗೆ ಒರಗಿ ನಮ್ಮ ಅಭ್ಯಾಸವನ್ನು ನೋಡುತ್ತಿದ್ದರು. ಹಾಡು ಅವರಿಗೆ ನಮಗಿಂತ ಚೆನ್ನಾಗಿ ಬರುತ್ತಿತ್ತು. ತುಟಿ ಆಡುತ್ತಿದ್ದುದು ಕಾಣುತ್ತಿತ್ತು. ಹದಿನೈದು ಸಂಜೆ ನಾನೂ ಅವರನ್ನು ನೋಡುವ ಗುಂಪು ಎಂದೇ ಎಣಿಸಿದ್ದೆ. ಒಂದು ದಿನ ಗೋಡೆಯ ಬಳಿ ಹೋಗಿ, ನೀವೇಕೆ ಬರುವುದಿಲ್ಲವೆಂದು ಒಬ್ಬಾಕೆಯನ್ನು ಕೇಳಿದೆ. “ಕೂಪ್ಪಿಡಲಿಯೇ” ಎಂದಳು. ಕರೆಯಲಿಲ್ಲವಲ್ಲ.

ಇದನ್ನು ವಾತ್ಯಾರರಿಗೆ ತಿಳಿಸಿದೆ. ಅವರು ನಿಜವಾದ ಆಶ್ಚರ್ಯದಿಂದ, ಬೇಡವೆಂದವರು ಯಾರು, ಬರಲಿ, ಎಂದರು. ಬೇಡವೆಂದವರು ಯಾರೂ ಇಲ್ಲ; ಅದು ಸತ್ಯ. ಆದರೆ ನನ್ನ ಕೈಹಿಡಿದು ಎಳೆದವರಿದ್ದರು. ಬರಲಿ ಎಂಬುದಕ್ಕೂ ಬನ್ನಿ ಎಂಬುದಕ್ಕೂ ನಡುವೆ ಇರುವ ಅಂತರ ನಮ್ಮ ಬಯಲಿನಲ್ಲಿ ಆ ಮೋಟುಗೋಡೆಯಷ್ಟಿತ್ತು. ಶಾಲೆಗಳ ಬಾಗಿಲಿನ ಮೇಲೆ ಎಲ್ಲರಿಗೂ ಸ್ವಾಗತವೆಂದು ಬರೆಯುತ್ತೇವೆ, ಬರೆದವರು ಸುಳ್ಳರಲ್ಲ. ಆದರೂ ಒಳಗೆ ಬಂದವನಿಗೆ ಒಣಗಿದ ಪುಸ್ತಕ ಸಿಗುವುದೂ, ನೆನೆದ ಪುಸ್ತಕ ಸಿಗುವುದೂ ಉಂಟು. ಆಮೇಲೆ ಗಾದೆಯೊಂದು ಸಿದ್ಧವಾಗಿರುತ್ತದೆ. ನೆಲ ಡೊಂಕಾಗಿರುವ ಕಡೆ ಅದನ್ನು ಡೊಂಕೆಂದವಳು ಕುಣಿತ ಬಾರದವಳೇ ಆಗಿರಬಹುದು. ಆದರೂ ಅವಳು ಆಡಿದ ಮಾತು ನಿಜ. ಕುಣಿತ ಬಲ್ಲವರಿಗೆ ನೆಲದ ಡೊಂಕು ತಿಳಿಯುವುದೇ ಇಲ್ಲ, ಅವರ ಕಾಲು ಅದಕ್ಕೆ ಪಳಗಿ ಹೋಗಿರುತ್ತದೆ. ನೆಲದ ಸಮಾಚಾರವನ್ನು ಸರಿಯಾಗಿ ತಿಳಿಸಬಲ್ಲವರು ಹೊಸಬರು ಮಾತ್ರ. ಹೀಗಿರಲು, ಅವರು ಬಾಯಿ ತೆರೆದೊಡನೆ ನಕ್ಕು ಮುಚ್ಚಿಸುವುದು ಎಂಥ ವಿವೇಕ?

ಮರುದಿನ ನಾನು ಗೋಡೆಯವರೆಗೆ ಹೋಗಿ ನನ್ನ ಹರಕು ತಮಿಳಿನಲ್ಲಿ ಕರೆದೆ. ಇಬ್ಬರು ಬಂದರು. ಸಾಲಿನಲ್ಲಿ ಅಲ್ಲಲ್ಲಿ ಸ್ವಲ್ಪ ಸರಿದಾಟವಾಯಿತು. ಜಾಗ ಮಾಡಿಕೊಡುವುದಕ್ಕೋ, ದೂರವಾಗುವುದಕ್ಕೋ ಗೊತ್ತಾಗಲಿಲ್ಲ. ಎರಡೂ ಇದ್ದಿರಬಹುದು. ಒಬ್ಬಾಕೆ ಎರಡು ದಿನ ಬಂದು ನಿಲ್ಲಿಸಿದಳು. ಮುಂಜಾನೆ ನಾಲ್ಕಕ್ಕೆ ಕೆಲಸಕ್ಕೆ ಹೋಗಬೇಕೆಂದಳು. ಅದು ನಿಜವೇ, ಆದರೆ ಮೊದಲೆರಡು ದಿನವೂ ಅದು ಹಾಗೆಯೇ ಇತ್ತು. ಇನ್ನೊಬ್ಬಾಕೆ ನಿಂತಳು. ನನಗೆ ಹನ್ನೊಂದು ಸಂಜೆ ಹಿಡಿದುದನ್ನು ಅವಳು ಒಂದೇ ಸಂಜೆಯಲ್ಲಿ ಮಾಡಿದಳು. ಈಗ ಅವಳು ನನ್ನ ಮುಂದಿನ ಸಾಲಿನಲ್ಲಿ ಇದ್ದಾಳೆ. ತಿರುವು ಬಂದಾಗ ನಾನು ಅವಳ ಹಿಮ್ಮಡಿಯನ್ನು ನೋಡಿಕೊಂಡು ತಿರುಗುತ್ತೇನೆ. ಹತ್ತು ವರ್ಷದ ಹುಡುಗಿ ಅವಳನ್ನೂ ಒಮ್ಮೆ ತಿದ್ದಿದಳು, ಅವಳು ಹುಡುಗಿಯನ್ನು ತಿರುಗಿ ತಿದ್ದಿದಳು.

ಅರಂಗೇಟ್ರಂ ಮುಂದಿನ ಶುಕ್ರವಾರ, ಗುಡಿಯ ಮುಂದೆ. ಎಲ್ಲರಿಗೂ ಒಂದೇ ಬಣ್ಣದ ಸೀರೆ ತರಿಸುತ್ತಿದ್ದಾರೆ. ಬೇಕಾದವರು ಹಣ ಕೊಟ್ಟು ಹೆಸರು ಬರೆಸಬೇಕು. ಪಟ್ಟಿಯಲ್ಲಿ ಅವಳ ಹೆಸರು ನಿನ್ನೆಯವರೆಗೆ ಇರಲಿಲ್ಲ. ಹಣಕ್ಕಾಗಿಯೋ, ಗುಡಿಗಾಗಿಯೋ, ಮತ್ತೆ ಯಾರೂ ಕರೆಯಲಿಲ್ಲವೆಂದೋ ನಾನು ಕೇಳಿಲ್ಲ. ಪಟ್ಟಿ ನಾಳೆ ಮುಗಿಯುತ್ತದೆ. ಇಂದು ಸಂಜೆ ಹಾಡು ಶುರುವಾಗುವುದಕ್ಕೆ ಮುಂಚೆ ನಾನು ಗೋಡೆಯ ಬಳಿಗೆ ಹೋಗಬೇಕು.